ಪದವು ರಸ್ತೆಯಾ, ಪರಂಬಾ?

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ನಂಬರ್ ನನ್ನ ತಲೆಯೊಳಗೆ ಹೊಕ್ಕಿತು. ಇನ್ನೂ ಹೊರಟಿಲ್ಲ. ವಿ74.0. ನಾನು ಮಂಗಳೂರಿನಲ್ಲಿ ಮೆಡಿಕಲ್ ಕೋಡಿಂಗ್ ಮಾಡುತ್ತೇನೆ. ಅಮೆರಿಕದ ಆಸ್ಪತ್ರೆಗಳ ಚಾರ್ಟ್, ಅಂದರೆ ರೋಗಿಗಳ ದಾಖಲೆ ಓದಿ, ಪ್ರತಿ ಕಾಯಿಲೆಗೂ ಪ್ರತಿ ಗಾಯಕ್ಕೂ ಒಂದೊಂದು ನಂಬರ್ ಹಾಕುವ ಕೆಲಸ. ಊರಲ್ಲಿ ಇದನ್ನು ಯಾರಿಗೂ ಸರಿಯಾಗಿ ವಿವರಿಸಲು ನನ್ನಿಂದ ಆಗಿಲ್ಲ. ನಾನು ಆಸ್ಪತ್ರೆಯಲ್ಲಿ ಚೀಟಿ ಬರೆಯುವವಳು ಎಂದೇ ಅಜ್ಜಿ ಕೊನೆಯವರೆಗೆ ನಂಬಿದ್ದರು. ತರಬೇತಿಯ ಮೂರನೇ ವಾರದಲ್ಲಿ ಅಭ್ಯಾಸಕ್ಕೆಂದು ಒಂದು ಚಾರ್ಟ್ ಕೊಟ್ಟರು. ಶಾಲೆಯ ಬಸ್ಸಿನ ಚಾಲಕಿ. ಬೆಳಗ್ಗೆ ಬಸ್ಸುಗಳ ಯಾರ್ಡ್‌ನಲ್ಲಿ ತನ್ನ ಸೀಟಿನಲ್ಲಿ ಕೂತಿದ್ದಾಳೆ. ಇನ್ನೊಂದು ಬಸ್ಸು ಹಿಂದಕ್ಕೆ ಬಂದು ಗುದ್ದಿದೆ. ಮೊಣಕಾಲಿಗೆ ಪೆಟ್ಟು.

ಗಾಯಕ್ಕೆ ಒಂದು ನಂಬರ್ ಹಾಕಿದರೆ ಸಾಲದು, ಗಾಯ ಹೇಗಾಯಿತು ಎಂಬುದಕ್ಕೂ ಹಾಕಬೇಕು. ನಮ್ಮ ಕೋಡಿಂಗ್ ಪುಸ್ತಕದಲ್ಲಿ ವಿ70ರಿಂದ ವಿ79ರವರೆಗೆ ಬಸ್ಸಿನಲ್ಲಿದ್ದವರ ಲೆಕ್ಕ. 70 ಆದರೆ ಬಸ್ಸಿಗೆ ಎದುರಾದದ್ದು ಮನುಷ್ಯ ಅಥವಾ ಪ್ರಾಣಿ. 73 ಕಾರು. 74 ಲಾರಿ ಅಥವಾ ಇನ್ನೊಂದು ಬಸ್ಸು. 77 ಅಂದರೆ ಗೋಡೆ, ಕಂಬದಂಥ ನಿಂತ ವಸ್ತು. ಚುಕ್ಕೆಯ ಆಚೆ 5 ಬಂದರೆ ಸಾರ್ವಜನಿಕ ರಸ್ತೆಯಲ್ಲಿ ಡ್ರೈವರಿಗೆ ಆದ ಗಾಯ. 0 ಬಂದರೆ ರಸ್ತೆಯ ಹೊರಗೆ ಡ್ರೈವರಿಗೆ ಆದ ಗಾಯ. ನಾನು 5 ಹಾಕಿದ್ದೆ. ಬಸ್ಸಲ್ವಾ, ರಸ್ತೆಯಲ್ಲೇ ಇರಬೇಕು ಅಂತ. ಕಲಿಸುತ್ತಿದ್ದ ಮೇಡಂ ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದು 0 ಮಾಡಿದರು. "ಯಾರ್ಡ್ ಅಂತ ಬರೆದಿದೆಯಲ್ಲ, ಓದಬೇಕು" ಎಂದರು. ಆ ಸೊನ್ನೆ ನೋಡಿದ್ದೇ ಮಾವನ ಕಾಲು ನೆನಪಾಯಿತು.

ಹಾಲ್ಟ್ ಬಸ್ಸು

ನಮ್ಮ ಅಜ್ಜನ ಮನೆ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಮುಳ್ಳೇರಿಯದಿಂದ ಒಳಗೆ. ಮನೆಯಿಂದ ಗುಡ್ಡ ಹತ್ತಿದರೆ ಪದವು. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ ಬಯಲು, ಮಳೆಗಾಲದಲ್ಲಿ ಹಸುರು, ಉಳಿದ ದಿನ ಬೋಳು. ಅಲ್ಲೇ ಡಾಮರು ಮುಗಿಯುತ್ತಿತ್ತು. ಕಾಸರಗೋಡಿನಿಂದ ಬರುವ ಕೊನೆಯ ಬಸ್ಸು ರಾತ್ರಿ ಅಲ್ಲೇ ಹಾಲ್ಟ್. ಬೆಳಗ್ಗೆ ಆರು ಹತ್ತಕ್ಕೆ ಮೊದಲ ಟ್ರಿಪ್. ಜಾಗ ಯಾರದ್ದು ಎಂದು ಯಾರೂ ಕೇಳಿದವರಲ್ಲ. ಪಟ್ಟೆ ಇದ್ದದ್ದು ಮುಂಬಯಿ ಸೇರಿದ ಒಂದು ಕುಟುಂಬದ ಹೆಸರಿನಲ್ಲಿ. ಬೇಲಿ ಇಲ್ಲ, ಗೇಟಿಲ್ಲ. ಸಂಜೆ ಹುಡುಗರ ಕ್ರಿಕೆಟ್, ಭಾನುವಾರ ವಾಲಿಬಾಲ್, ವರ್ಷಕ್ಕೊಮ್ಮೆ ದೈವದ ನೇಮದ ದಿನ ಐಸ್‌ಕ್ರೀಮಿನ ಗಾಡಿಗಳು, ಉಳಿದ ರಾತ್ರಿಯೆಲ್ಲ ಬಸ್ಸು. ಕಲ್ಲಿನ ಕೋರೆ ಶುರುವಾದ ಮೇಲೆ ಅದರ ಜೊತೆಗೆ ಒಂದೆರಡು ಲಾರಿ.

ನನ್ನ ಸೋದರಮಾವ ಆ ಬಸ್ಸಿನ ಡ್ರೈವರ್. ಹಾಲ್ಟ್ ಮನೆಯ ಹತ್ತಿರವೇ ಸಿಕ್ಕಿದ್ದು ಅದೃಷ್ಟ ಎಂದು ಎಲ್ಲರೂ ಹೇಳುತ್ತಿದ್ದರು. ಬೇರೆ ಡ್ರೈವರುಗಳು ಬಸ್ಸಿನ ಕೊನೇ ಸೀಟಿನಲ್ಲಿ ಸೊಳ್ಳೆ ಬತ್ತಿ ಹಚ್ಚಿ ಮಲಗುವಾಗ ಮಾವ ಮನೆಗೆ ಬಂದು ಗಂಜಿ ಉಣ್ಣುತ್ತಿದ್ದರು. ರಜೆಯಲ್ಲಿ ಅಲ್ಲಿಗೆ ಹೋದರೆ ನಾನು ಏಳುತ್ತಿದ್ದದ್ದು ಆ ಬಸ್ಸಿನ ಶಬ್ದಕ್ಕೆ. ಐದೂವರೆಗೆ ಪದವಿನಲ್ಲಿ ಇಂಜಿನ್ ಸ್ಟಾರ್ಟ್ ಆಗುತ್ತಿತ್ತು. ಆಮೇಲೆ ಬಸ್ಸು ಹೊರಡುವುದೇ ಇಲ್ಲ, ಸುಮ್ನೆ ಗುರುಗುಡುತ್ತ ನಿಂತಿರುತ್ತದೆ. ಯಾಕೆ ಅಂತ ಒಮ್ಮೆ ಕೇಳಿದ್ದೆ. "ಏರ್ ಆಗ್ಬೇಕಲ್ಲ ಮಗಾ" ಎಂದರು. ಬಸ್ಸಿನ ಬ್ರೇಕ್ ಗಾಳಿಯದ್ದು. ಇಂಜಿನ್ ತಿರುಗಿ ಟ್ಯಾಂಕಿನಲ್ಲಿ ಗಾಳಿ ತುಂಬಬೇಕು. ಹಳೇ ಬಸ್ಸಾದರೆ ರಾತ್ರಿಯಿಡೀ ಸೋರಿ ಬೆಳಗ್ಗೆ ಗಾಳಿಯ ಮೀಟರಿನ ಮುಳ್ಳು ಸೊನ್ನೆಯ ಹತ್ತಿರ ಇರುತ್ತದೆ. ಗಾಳಿ ತುಂಬುವವರೆಗೆ ಹಿಂದಿನ ಚಕ್ರಗಳನ್ನು ಸ್ಪ್ರಿಂಗ್ ಹಿಡಿದುಕೊಂಡಿರುತ್ತದೆ. ಬಸ್ಸು ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಇಲ್ಲ. ಆ ಹೊತ್ತಿನಲ್ಲಿ ಕಂಡಕ್ಟರ್ ಎಲ್ಲೋ ಹಲ್ಲುಜ್ಜುತ್ತಿರುತ್ತಾನೆ, ಕ್ಲೀನರ್ ಗ್ಲಾಸಿಗೆ ನೀರು ಎರಚುತ್ತಿರುತ್ತಾನೆ. ಡ್ರೈವರ್ ಒಬ್ಬನೇ ಸೀಟಿನಲ್ಲಿ ಕೂತು ಮುಳ್ಳು ಏರುವುದನ್ನು ನೋಡುತ್ತಿರುತ್ತಾನೆ.

ಬಸ್ ಡ್ರೈವರ್ ಅಂದ ಕೂಡಲೇ ನಮ್ಮ ಕಣ್ಣೆದುರು ಬರುವುದು ಹೈವೇ, ಓವರ್‌ಟೇಕ್, ಟೈಮಿಗಾಗಿ ಜಗಳ. ಆದರೆ ಬಸ್ಸು ದಿನದಲ್ಲಿ ಎಷ್ಟು ಹೊತ್ತು ರಸ್ತೆಯ ಹೊರಗಿರುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಹಾಲ್ಟ್, ಗ್ಯಾರೇಜ್, ಪೆಟ್ರೋಲ್ ಬಂಕ್, ತೊಳೆಯುವ ಹೊಳೆಬದಿ. ದಿಬ್ಬಣದ ಟ್ರಿಪ್ ಸಿಕ್ಕಿದರೆ ಕೊಯ್ದು ಮುಗಿದ ಗದ್ದೆ. ಅಲ್ಲಿ ಗೆರೆಯಿಲ್ಲ, ಬದಿಯಿಲ್ಲ, ಪೊಲೀಸಿಲ್ಲ. ಯಾರು ಯಾವ ಕಡೆಯಿಂದ ರಿವರ್ಸ್ ಬರುತ್ತಾರೋ ಅವರಿಗೇ ಗೊತ್ತಿರುವುದಿಲ್ಲ. ವೇಗ ಕಡಿಮೆ ಇದೆಯಲ್ಲ, ಎಂತ ಆಗುತ್ತದೆ ಎನ್ನುವ ಧೈರ್ಯ ಬೇರೆ. ಬಸ್ಸಿನಲ್ಲಿ ಡ್ರೈವರ್ ಕೂರುವುದು ಮುಂದಿನ ಚಕ್ರಕ್ಕಿಂತಲೂ ಮುಂದೆ. ಕಾರಿನ ಹಾಗೆ ಎದುರಿಗೆ ಬಾನೆಟ್ ಇಲ್ಲ, ಇಂಜಿನ್ ಇರುವುದು ಪಕ್ಕದಲ್ಲಿ. ಅವನ ಮೊಣಕಾಲಿಗೂ ಹೊರಗಿನ ಲೋಕಕ್ಕೂ ನಡುವೆ ಒಂದು ತಗಡು, ಒಂದು ಗ್ಲಾಸು. ಮುಂದಿನಿಂದ ಏನೇ ಒತ್ತಿದರೂ ಮೊದಲು ಸಿಗುವುದು ಕಾಲು, ಆಮೇಲೆ ಸ್ಟಿಯರಿಂಗಿಗೆ ಎದೆ. ಇಡೀ ಬಸ್ಸಿನಲ್ಲಿ ಗ್ಲಾಸಿಗೆ ಅಷ್ಟು ಹತ್ತಿರ ಕೂರುವವನು ಬೇರೆ ಯಾರೂ ಇಲ್ಲ.

ಆ ಬೆಳಗ್ಗೆ

2016ರ ಡಿಸೆಂಬರ್. ನೋಟು ರದ್ದಾಗಿ ತಿಂಗಳಾಗಿತ್ತಷ್ಟೆ. (ಆಸ್ಪತ್ರೆಯಲ್ಲಿ ಅಡ್ವಾನ್ಸ್ ಕಟ್ಟಲು ನೂರರ ನೋಟಿಗಾಗಿ ಅತ್ತೆ ಇಡೀ ಊರು ತಿರುಗಿದ್ದು ಬೇರೆಯೇ ಕತೆ.) ಪದವಿನಲ್ಲಿ ಮಂಜು. ಬಸ್ಸಿನ ಎದುರು, ಸ್ವಲ್ಪ ಏರಿನಲ್ಲಿ, ಬಸ್ಸಿಗೆ ಬೆನ್ನು ಹಾಕಿ ಒಂದು ಕಲ್ಲಿನ ಲಾರಿ. ಹಿಂದಿನ ಸಂಜೆಯೇ ಲೋಡ್ ಆಗಿತ್ತು. ಲಾರಿಯ ಹ್ಯಾಂಡ್‌ಬ್ರೇಕ್ ಹೆಸರಿಗೆ ಮಾತ್ರ ಇದ್ದದ್ದು. ಗೇರಿನಲ್ಲಿ ಹಾಕಿ, ಹಿಂದಿನ ಚಕ್ರಕ್ಕೆ ಒಂದು ಮುರಕಲ್ಲು ಅಡ್ಡ ಇಟ್ಟು ಹೋಗಿದ್ದರು. ಬೆಳಗ್ಗೆ ಲಾರಿಯವನು ಬಂದು ನ್ಯೂಟ್ರಲ್ ಮಾಡಿ ಸ್ಟಾರ್ಟ್ ಮಾಡಿದ. ಅವನ ಜೊತೆಗಿದ್ದ ಹುಡುಗ, ಇನ್ನೇನು ಹೊರಡುವುದೇ ಅಂದುಕೊಂಡು, ಕಲ್ಲು ತೆಗೆದ.

"ನಡೆಯುವಷ್ಟೇ ಸ್ಪೀಡು ಮಾರಾಯ್ತಿ" ಎಂದು ಮಾವ ಹೇಳುತ್ತಾರೆ. "ದನ ಹಟ್ಟಿಗೆ ಬಂದ ಹಾಗೆ ಬಂತು." ಇದ್ದ ಅಂತರ ಇಪ್ಪತ್ತು ಅಡಿ ಇರಬಹುದು. ಎರಡು ಆಕ್ಸಲ್ಲಿನ ಲಾರಿಗೆ ಆಗಿನ ನಿಯಮದಲ್ಲಿ ಲೋಡ್ ಸಮೇತ 16.2 ಟನ್ ತೂಕ ಇರಬಹುದಿತ್ತು. ಕೆಂಪುಕಲ್ಲಿನ ಲಾರಿಗಳು ಆ ನಿಯಮವನ್ನು ಎಷ್ಟು ಪಾಲಿಸುತ್ತವೆ ಅಂತ ನಮ್ಮೂರವರಿಗೆ ಹೇಳಬೇಕಾಗಿಲ್ಲ. ಹದಿನಾರು ಟನ್ ನಡೆಯುವ ಸ್ಪೀಡಿನಲ್ಲಿ ಬಂದರೂ ಅದನ್ನು ತಡೆಯುವ ತಗಡು ಯಾವ ಬಸ್ಸಿಗೂ ಇಲ್ಲ. ಮಾವ ಹಾರ್ನ್ ಒತ್ತಿದರು. ಕರೆಂಟಿನ ಹಾರ್ನ್ ಕೆಟ್ಟು ವಾರವಾಗಿತ್ತು. ಇದ್ದದ್ದು ಏರ್ ಹಾರ್ನ್. ಅದನ್ನು ಹಾಕಲೇಬಾರದು ಅಂತ ಕಾನೂನಿದೆ, ಆದರೂ ಎಲ್ಲ ಬಸ್ಸಿನಲ್ಲೂ ಇರುತ್ತದೆ. ಏರ್ ಹಾರ್ನ್ ಕೂಗಲು ಏರ್ ಬೇಕಲ್ಲ. ಮುದಿ ನಾಯಿ ಕೆಮ್ಮಿದಂಥ ಶಬ್ದ ಬಂತಂತೆ, ಅಷ್ಟೆ.

ಸೀಟಿನಿಂದ ಆಚೆ ಹಾರಬಹುದಿತ್ತಲ್ಲ ಮಾವ, ಎಂದು ನಾನು ತುಂಬ ವರ್ಷ ಬಿಟ್ಟು ಕೇಳಿದೆ. ಮೊದಲು ಅವರು ನಕ್ಕರು. ಆಮೇಲೆ ಹೇಳಿದ್ದನ್ನು ನಾನು ಮರೆಯಲಾರೆ. "ಹಾರ್ಬೇಕಾದ್ರೆ ಬ್ರೇಕಿನಿಂದ ಕಾಲು ತೆಗೀಬೇಕಲ್ಲ. ಎದುರಿಂದ ಏನಾದ್ರೂ ಬಂದ್ರೆ ಕಾಲು ತನ್ನಷ್ಟಕ್ಕೆ ಬ್ರೇಕಿಗೆ ಹೋಗ್ತದೆ. ಬಸ್ಸು ನಿಂತೇ ಇತ್ತು. ಬ್ರೇಕಿನಲ್ಲಿ ಗಾಳಿ ಇರ್ಲಿಲ್ಲ. ಆದ್ರೂ ಒತ್ತಿ ಹಿಡ್ಕೊಂಡಿದ್ದೆ." ಇಪ್ಪತ್ತೆರಡು ವರ್ಷ ಎಷ್ಟೋ ಜನರನ್ನು ಉಳಿಸಿದ ಅಭ್ಯಾಸ ಅದು. ಆವತ್ತು ಅದೇ ಅಭ್ಯಾಸ ಅವರ ಬಲಗಾಲನ್ನು ಅಲ್ಲೇ ಹಿಡಿದುಕೊಂಡಿತು. ಲಾರಿಯ ಹಿಂದಿನ ಹಲಗೆ ಗ್ಲಾಸು ಒಡೆದು ಒಳಗೆ ಬಂತು, ಕೆಳಗಿನ ತಗಡು ಮಡಚಿ ಪೆಡಲಿನ ಮೇಲೆ ಕೂತಿತು. ಮೊಣಕಾಲಿನ ಚಿಪ್ಪು, ಅದರ ಕೆಳಗಿನ ಎರಡೂ ಎಲುಬು. ಹಾರೆ, ಜಾಕ್, ಕೊನೆಗೆ ಜೀಪಿಗೆ ಹಗ್ಗ ಕಟ್ಟಿ ಎಳೆದು ಮಾವನನ್ನು ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಬಸ್ಸಿನ ಇಂಜಿನ್ ಆಗಲೂ ತಿರುಗುತ್ತಲೇ ಇತ್ತಂತೆ. ಯಾರೋ ಆಫ್ ಮಾಡಲು ಹೋದಾಗ ಮಾವನೇ ಮುಳ್ಳು ನೋಡಿ, "ಈಗ ಏರ್ ಆಯ್ತು" ಎಂದರಂತೆ.

ಎರಡು ಕಾಗದ, ಮೂರು ಜಾಗ

ಜೀಪಿನಲ್ಲಿ ಮಂಗಳೂರಿಗೆ ಕೊಂಡುಹೋದರು. ಕಾಸರಗೋಡಿನವರು ಎಲುಬು ಮುರಿದರೆ ಗಡಿ ದಾಟುತ್ತೇವೆ, ಅದರಲ್ಲಿ ವಿಶೇಷ ಏನೂ ಇಲ್ಲ. ಕ್ಯಾಷುವಾಲ್ಟಿಯಲ್ಲಿದ್ದ ಚಿಕ್ಕ ಡಾಕ್ಟರ್ ಇಂಗ್ಲಿಷಿನಲ್ಲಿ ಮೂರಕ್ಷರ ಬರೆದರು, ಆರ್‌ಟಿಎ. ರೋಡ್ ಟ್ರಾಫಿಕ್ ಆಕ್ಸಿಡೆಂಟ್. ಕೆಳಗೆ, ಬಸ್ ವರ್ಸಸ್ ಲಾರಿ. ಕ್ಯಾಷುವಾಲ್ಟಿಯಲ್ಲಿ ಚಕ್ರದ ಗಾಯ ಎಲ್ಲವೂ ಆರ್‌ಟಿಎ. ಅಂಗಳದಲ್ಲಿ ಟಿಲ್ಲರ್ ಮಗುಚಿದರೂ ಅದೇ ಮೂರಕ್ಷರ. ಅಲ್ಲಿಂದ ಸುದ್ದಿ ಗಡಿಯ ಈಚೆಗಿನ ಸ್ಟೇಷನ್ನಿಗೆ ಬಂದು, ಕಂಡಕ್ಟರನ ಹೇಳಿಕೆಯ ಮೇಲೆ ಎಫ್‌ಐಆರ್ ಆಯಿತು. ಕಂಡಕ್ಟರ್ ತುಳು ಬೆರೆಸಿ ಹೇಳಿದ, ಬರೆದವರು ಮಲಯಾಳದಲ್ಲಿ ಬರೆದರು. 'ಬಸ್ ನಿರ್ತಿಯಿಟ್ಟ ಪರಂಬಿಲ್' ಎಂದಿತ್ತು ಅದರಲ್ಲಿ. ಬಸ್ಸು ನಿಲ್ಲಿಸಿದ್ದ ಪರಂಬಿನಲ್ಲಿ.

ಪದವು ಪರಂಬ್ ಆದದ್ದರಲ್ಲಿ ಬರೆದವರ ತಪ್ಪೇನೂ ಇಲ್ಲ. ಅವರ ಭಾಷೆಯಲ್ಲಿ ಅದಕ್ಕೆ ಕೈಗೆ ಸಿಗುವ ಶಬ್ದ ಅದು. ಆದರೆ ಪರಂಬ್ ಅಂದರೆ ಒಬ್ಬರ ಹಿತ್ತಿಲು, ಒಬ್ಬರ ತೋಟ, ಒಡೆಯ ಇರುವ ಜಾಗ. ಪದವು ಅಂದರೆ ನಮಗೆ ಒಡೆಯನ ನೆನಪೇ ಬರುವುದಿಲ್ಲ. ನಮ್ಮ ಕಡೆಯ ಕನ್ನಡಿಗರು ರೇಷನ್ ಕಾರ್ಡಿನಿಂದ ಕೋರ್ಟಿನವರೆಗೆ ತಮಗೆ ಓದಲು ಬಾರದ ಲಿಪಿಯ ಕಾಗದಕ್ಕೆ ಸಹಿ ಹಾಕಿಯೇ ಬದುಕಿದವರು, ಆ ಪುರಾಣ ಮತ್ತೆ ತೆಗೆಯುವುದಿಲ್ಲ. ಹೇಳಬೇಕಾದದ್ದು ಇಷ್ಟೆ. ಒಂದೇ ಕಾಲು, ಒಂದೇ ಬೆಳಗ್ಗೆ. ಆಸ್ಪತ್ರೆಯ ಕಾಗದದಲ್ಲಿ ಅದು ರಸ್ತೆ. ಪೊಲೀಸರ ಕಾಗದದಲ್ಲಿ ಖಾಸಗಿ ಹಿತ್ತಿಲು. ನಮ್ಮ ಬಾಯಲ್ಲಿ ಪದವು. ಆ ವರ್ಷ ದೇಶದಲ್ಲಿ 4,80,652 ರಸ್ತೆ ಅಪಘಾತ ಆಯಿತು, 1,50,785 ಜನ ಸತ್ತರು, 4,94,624 ಜನರಿಗೆ ಗಾಯವಾಯಿತು ಎಂದು ಕೇಂದ್ರದ ವರದಿ ಹೇಳುತ್ತದೆ. ಆ ಕೊನೆಯ 4ರೊಳಗೆ ಮಾವ ಇದ್ದಾರೋ ಇಲ್ಲವೋ? ಅದು ಯಾವ ಕಾಗದ ಲೆಕ್ಕದವರ ಕೈಗೆ ಸೇರಿತು ಎನ್ನುವುದರ ಮೇಲಿದೆ.

ನಮ್ಮ ಕೋಡಿಂಗ್ ಪುಸ್ತಕದಲ್ಲಿ ಇದಕ್ಕೂ ಒಂದು ನಿಯಮ ಇದೆ. ಬಸ್ಸಿನ ಅಪಘಾತ ಎಲ್ಲಿ ಆಯಿತು ಅಂತ ಚಾರ್ಟಿನಲ್ಲಿ ಬರೆಯದಿದ್ದರೆ ರಸ್ತೆಯಲ್ಲೇ ಆಯಿತು ಅಂತ ತಿಳಿಯಬೇಕು. ಅಂದರೆ ಆ ಸೊನ್ನೆ ತಾನಾಗಿ ಬರುವುದಿಲ್ಲ. ಗಾಯಾಳು ಹೇಳಬೇಕು, ಡಾಕ್ಟರ್ ಕೇಳಬೇಕು, ಬರೆಯಬೇಕು, ಕೋಡ್ ಹಾಕುವವಳು ಓದಬೇಕು. ಇಷ್ಟರಲ್ಲಿ ಒಬ್ಬರು ಅವಸರ ಮಾಡಿದರೂ ಯಾರ್ಡ್ ರಸ್ತೆಯಾಗುತ್ತದೆ. ನಾನೇ ಮಾಡಿದ್ದೆನಲ್ಲ.

ಬಸಳೆಯ ಅಕ್ಕ

ವಕೀಲರು ಎರಡು ದಾರಿ ತೋರಿಸಿದರು. ಒಂದು, ಕೆಲಸ ಮಾಡುವಾಗ ಆದ ಗಾಯ ಎಂದು ಬಸ್ಸಿನ ಮಾಲಕರ ಮೇಲೆ ಪರಿಹಾರಕ್ಕೆ ಹೋಗುವುದು. ಆಗ ಇದ್ದ 1923ರ ಕಾನೂನು. ಅಲ್ಲಿ ರಸ್ತೆಯೋ ಹಿತ್ತಿಲೋ ಎಂಬ ತಕರಾರಿರಲಿಲ್ಲ, ಕೆಲಸದಲ್ಲಿದ್ದರೆ ಸಾಕಿತ್ತು. ಬೆಳಗ್ಗೆ ಬಸ್ಸು ವಹಿಸಿಕೊಳ್ಳುವುದು, ರಾತ್ರಿ ತಂದು ನಿಲ್ಲಿಸುವುದು ಎಲ್ಲ ಕೆಲಸದ ಹೊತ್ತೇ ಎಂದು 1961ರ ಮೋಟಾರು ಸಾರಿಗೆ ಕೆಲಸಗಾರರ ಕಾನೂನೂ ಹೇಳಿತ್ತು. ಆದರೆ ಸಂಬಳ ಎಷ್ಟೇ ಇರಲಿ, ಪರಿಹಾರದ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು ತಿಂಗಳಿಗೆ 8,000 ರೂಪಾಯಿ ಮಾತ್ರ. ಅದು 15,000 ಆದದ್ದು 2020ರಲ್ಲಿ. ಇನ್ನೊಂದು ದಾರಿ, ಮೋಟಾರು ವಾಹನ ಕಾನೂನಿನಲ್ಲಿ ಲಾರಿಯ ಇನ್ಶೂರೆನ್ಸಿನ ಮೇಲೆ ಟ್ರಿಬ್ಯೂನಲ್ಲಿಗೆ ಹೋಗುವುದು. ಅಲ್ಲಿ ನಿಜವಾದ ದುಡಿಮೆಯ ಲೆಕ್ಕ ಹಿಡಿಯುತ್ತಾರೆ. ಎರಡರಲ್ಲಿ ಒಂದನ್ನೇ ಆರಿಸಬೇಕು, 167ನೇ ಸೆಕ್ಷನ್ ಹಾಗೆ. ಮಾವ ಎರಡನೆಯದನ್ನು ಆರಿಸಿದರು. ಮಾಲಕರ ಮೇಲೆ ಕೇಸು ಹಾಕಲು ಅವರಿಗೆ ಮನಸ್ಸಿರಲಿಲ್ಲ ಎನ್ನುವುದೂ ಒಂದು ಕಾರಣ. ಬಾಯಿಬಿಟ್ಟು ಹೇಳಿದವರಲ್ಲ, ಬಿಡಿ.

ಇನ್ಶೂರೆನ್ಸಿನವರು ಹಿಡಿದದ್ದು ಆ ಪರಂಬ್ ಎಂಬ ಒಂದೇ ಶಬ್ದವನ್ನು. ಕಾನೂನು ವಿಮೆಯನ್ನು ಕಡ್ಡಾಯ ಮಾಡಿದ್ದು ಸಾರ್ವಜನಿಕ ಸ್ಥಳದಲ್ಲಿ ಓಡುವ ವಾಹನಕ್ಕೆ, ಇದು ಖಾಸಗಿ ಜಾಗ, ನಾವು ಕೊಡಬೇಕಾಗಿಲ್ಲ ಎಂದರು. ಪೊಲೀಸರೂ 279 ಹಾಕಲಿಲ್ಲ ನೋಡಿ ಎಂದರು. ಅದೂ ನಿಜವೇ. ಆಗಿನ ಐಪಿಸಿಯ 279 ಇದ್ದದ್ದು ಸಾರ್ವಜನಿಕ ದಾರಿಯಲ್ಲಿ ಅಡ್ಡಾದಿಡ್ಡಿ ಓಡಿಸಿದವರಿಗೆ. ಪೊಲೀಸರು ಜಾಗ ನೋಡಿ ಅದನ್ನು ಬಿಟ್ಟು, ನಿರ್ಲಕ್ಷ್ಯದಿಂದ ದೊಡ್ಡ ಗಾಯ ಮಾಡಿದ್ದಕ್ಕೆ ಇರುವ 338 ಮಾತ್ರ ಹಾಕಿದ್ದರು. ನಮ್ಮ ವಕೀಲರು ಹೇಳಿದ್ದು, ದಾರಿ ಬೇರೆ ಸ್ಥಳ ಬೇರೆ ಅಂತ. ಮೋಟಾರು ವಾಹನ ಕಾನೂನಿನ 2(34)ರಲ್ಲಿ ಸಾರ್ವಜನಿಕ ಸ್ಥಳ ಅಂದರೆ ಏನು ಅಂತ ಬರೆದಿದ್ದಾರೆ. ಜನರಿಗೆ ಹೋಗುವ ಹಕ್ಕಿರುವ ಜಾಗ, ಅದರ ಜೊತೆಗೆ, ಸರ್ವಿಸ್ ಬಸ್ಸು ಜನರನ್ನು ಹತ್ತಿಸಿಕೊಳ್ಳುವ ಅಥವಾ ಇಳಿಸುವ ಯಾವುದೇ ಜಾಗ. ಪಟ್ಟೆ ಯಾರ ಹೆಸರಿನಲ್ಲಿದೆ ಅಂತ ಆ ಸಾಲು ಕೇಳುವುದಿಲ್ಲ. ಪದವಿನಲ್ಲಿ ಯಾರಾದರೂ ಬಸ್ಸು ಹತ್ತುತ್ತಿದ್ದರಾ? ಅಷ್ಟು ಸಾಕು.

ಒಬ್ಬರು ಹತ್ತುತ್ತಿದ್ದರು. ತರಕಾರಿ ಮಾರುವ ಅಕ್ಕ. ಬಸಳೆ, ಹರಿವೆ, ಅಲಸಂಡೆ ಕಟ್ಟು ಕಟ್ಟಿ ಬುಟ್ಟಿಯಲ್ಲಿ ತುಂಬಿ ಪ್ರತಿದಿನ ಮೊದಲ ಟ್ರಿಪ್ಪಿಗೆ ಕಾಸರಗೋಡಿಗೆ ಹೋಗುವವರು. ಸ್ಟಾಪಿನಲ್ಲಿ ಕಾದರೆ ಬುಟ್ಟಿ ಇಡಲು ಜಾಗ ಸಿಗುವುದಿಲ್ಲ ಅಂತ, ಬಸ್ಸು ಏರ್ ಆಗುತ್ತಿರುವಾಗಲೇ ಪದವಿಗೆ ಬಂದು ಹತ್ತಿ ಕೂರುತ್ತಿದ್ದರು. ಆವತ್ತೂ ಬುಟ್ಟಿಯನ್ನು ಮೆಟ್ಟಿಲ ಮೇಲೆ ಇಟ್ಟಿದ್ದರು, ಒಂದು ಕಾಲು ಒಳಗೆ, ಒಂದು ಕಾಲು ನೆಲದಲ್ಲಿ. ಲಾರಿ ಗುದ್ದಿದಾಗ ಹಿಂದಕ್ಕೆ ಬಿದ್ದರು, ಬಸಳೆ ಎಲ್ಲ ಚೆಲ್ಲಿತು, ಅವರಿಗೆ ಏನೂ ಆಗಲಿಲ್ಲ. (ಹತ್ತುವಾಗ ಇಳಿಯುವಾಗ ಆಗುವ ಗಾಯಕ್ಕೂ ಪುಸ್ತಕದಲ್ಲಿ ನಂಬರ್ ಇದೆ. ಚುಕ್ಕೆಯ ಆಚೆ 4. ಅದಕ್ಕೆ ರಸ್ತೆಯ ಒಳಗೋ ಹೊರಗೋ ಎಂಬ ಭೇದವೇ ಇಲ್ಲ. ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇರುವವರನ್ನು ಅದನ್ನು ಬರೆದವರು ಸರಿಯಾಗಿಯೇ ನೋಡಿದ್ದಾರೆ.)

ಆ ಅಕ್ಕ ಟ್ರಿಬ್ಯೂನಲ್ಲಿಗೆ ಸಾಕ್ಷಿ ಹೇಳಲು ಬಂದರು. ಆಗ ನಾನು ಡಿಗ್ರಿಯಲ್ಲಿದ್ದೆ, ಅತ್ತೆಯ ಜೊತೆಗೆ ಹೋಗಿದ್ದೆ. ಇನ್ಶೂರೆನ್ಸಿನ ವಕೀಲರು ಮಲಯಾಳದಲ್ಲಿ ಕೇಳಿದರು. ನೀವು ಆ ಪರಂಬಿಗೆ ಯಾರ ಅನುಮತಿ ತೆಗೆದುಕೊಂಡು ಹೋಗುತ್ತಿದ್ದಿರಿ? ಅಕ್ಕನಿಗೆ ಪ್ರಶ್ನೆ ಅರ್ಥವಾಗಿತ್ತು, ಅನುಮತಿ ಎಂಬುದು ಅರ್ಥವಾಗಲಿಲ್ಲ. ನಮ್ಮ ವಕೀಲರ ಮುಖ ನೋಡಿ ಕನ್ನಡದಲ್ಲಿ ಹೇಳಿದರು. "ಬಸ್ಸಿಗೆ ಹೋಗ್ಲಿಕ್ಕೆ ಯಾರನ್ನ ಕೇಳುದು? ಡ್ರೈವರಣ್ಣ ಇದ್ರಲ್ಲ." ಯಾರೋ ನಕ್ಕರು. ಅದನ್ನು ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಮಾಡಿ ಬರೆದುಕೊಂಡರು. ಕೊನೆಗೆ ಕಾಗದದಲ್ಲಿ ಏನು ಉಳಿಯಿತೋ ನಾನು ನೋಡಿಲ್ಲ.

ತೀರ್ಪು ಬರಲೇ ಇಲ್ಲ. 2019ರಲ್ಲಿ ಲೋಕ ಅದಾಲತಿನಲ್ಲಿ ರಾಜಿಯಾಯಿತು. ಕೇಳಿದ್ದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಕೊಟ್ಟರು. ಎರಡನೇ ಆಪರೇಷನ್ನಿಗೆ ದುಡ್ಡು ಬೇಕಿತ್ತು, ಮಾವ ಒಪ್ಪಿದರು. ರಾಜಿಯಲ್ಲಿ ಯಾರೂ ಸರಿಯಲ್ಲ, ಯಾರೂ ತಪ್ಪಲ್ಲ. ಹಾಗಾಗಿ ಪದವು ಸಾರ್ವಜನಿಕ ಸ್ಥಳವೋ ಪರಂಬೋ ಎಂಬುದನ್ನು ಇವತ್ತಿನವರೆಗೆ ಯಾರೂ ಹೇಳಿಲ್ಲ. ನನಗೆ ಇದು ಈಗಲೂ ಕಿರಿಕಿರಿ. ದುಡ್ಡು ಕಡಿಮೆಯಾಯಿತು ಅಂತಲ್ಲ. ಅಕ್ಕ ಅಷ್ಟು ದೂರ ಬಂದು ಹೇಳಿದ ಮಾತಿಗೆ ಒಂದು ಹೌದೋ ಅಲ್ಲವೋ ಸಿಗಬೇಕಿತ್ತು.

ಕೊನೆಯ ಅಕ್ಷರ

ಆ ಚಾರ್ಟಿನ ನಂಬರ್ ಸೊನ್ನೆಗೆ ಮುಗಿಯುವುದಿಲ್ಲ. 2015ರ ಅಕ್ಟೋಬರ್ 1ರಿಂದ ಅಮೆರಿಕದಲ್ಲಿ ನಡೆಯುತ್ತಿರುವ ಪುಸ್ತಕದಲ್ಲಿ ಕೊನೆಗೆ ಒಂದು ಅಕ್ಷರವೂ ಬೇಕು. ಗಾಯಕ್ಕೆ ಚಿಕಿತ್ಸೆ ನಡೆಯುತ್ತಿದ್ದರೆ ಎ. ವಾಸಿಯಾಗುತ್ತ ಬಂದಿದ್ದು ಬರೀ ನೋಡಿಸಿಕೊಳ್ಳಲು ಬಂದರೆ ಡಿ. ಗಾಯ ವಾಸಿಯಾದರೂ ಅದರಿಂದ ಬೇರೊಂದು ತೊಂದರೆ ಉಳಿದರೆ ಎಸ್. ಮಾವ ಈಗ ಎಸ್‌ನಲ್ಲಿದ್ದಾರೆ. ಬಲಗಾಲು ಅರ್ಧ ಇಂಚು ಗಿಡ್ಡ, ಮೊಣಕಾಲು ಪೂರ್ತಿ ಮಡಚುವುದಿಲ್ಲ. ಬ್ರೇಕ್ ಒತ್ತುವ ಕಾಲೇ ಆದ್ದರಿಂದ ಮತ್ತೆ ಬಸ್ಸಿಗೆ ಹೋಗಲಿಲ್ಲ. ಮನೆಯ ಹತ್ತಿರ ಸಣ್ಣ ಅಂಗಡಿ ಇಟ್ಟಿದ್ದಾರೆ. ಸೋಡಾ, ಬೀಡಿ, ಬಾಳೆಹಣ್ಣು, ಮೊಬೈಲ್ ರೀಚಾರ್ಜ್. ನಾನು ಈ ನಂಬರಿನ ಕತೆ ಹೇಳಿದಾಗ ಅವರಿಗೆ ಭಾರೀ ಖುಷಿಯಾಯಿತು. ಅಂಗಡಿಯ ಕ್ಯಾಲೆಂಡರಿನ ಬದಿಯಲ್ಲಿ ಬರೆಸಿಕೊಂಡರು. ಬಂದವರಿಗೆಲ್ಲ ತೋರಿಸುತ್ತಾರೆ. "ನನ್ನ ಕಾಲಿಗೆ ಅಮೆರಿಕದಲ್ಲಿ ನಂಬರ್ ಉಂಟು, ಗೊತ್ತುಂಟಾ?"

ಕೊರೊನಾ ಬಂದು ನಿಂತ ಆ ಬಸ್ಸು ಮತ್ತೆ ಶುರುವಾಗಲಿಲ್ಲ. ಕಳೆದ ಬೇಸಗೆಯಲ್ಲಿ ನೋಡಿದರೆ ಪದವಿಗೆ ಬೇಲಿ ಬಂದಿದೆ, ಗೇಟೂ ಇದೆ. ಮುಂಬಯಿಯವರು ಮಾರಿದರಂತೆ. ಈಗ ಅದು ಸಂಶಯವಿಲ್ಲದೆ ಪರಂಬ್.

ಆವತ್ತು ನಾನು ಕಾರು ತೆಗೆದುಕೊಂಡು ಹೋಗಿದ್ದೆ, ಹಳೇ ಕಾರು, ಇತ್ತೀಚೆಗೆ ಕೊಂಡದ್ದು. ಹೊರಡುವಾಗ ಅಂಗಳದಿಂದ ರಿವರ್ಸ್ ತೆಗೆಯಬೇಕಿತ್ತು. ಮಾವ ಅಂಗಡಿ ಬಿಟ್ಟು ಕುಂಟುತ್ತ ಬಂದರು. ಬಂದವರು ಕಾರಿನ ಹಿಂದೆ ನಿಲ್ಲಲಿಲ್ಲ, ಬದಿಗೆ, ಕನ್ನಡಿಯಲ್ಲಿ ನನಗೆ ಕಾಣುವ ಹಾಗೆ ನಿಂತರು. "ಬರ್ಲಿ, ಬರ್ಲಿ." ಡಿಕ್ಕಿಯ ಮೇಲೆ ಅಂಗೈಯಿಂದ ಒಂದು ಪೆಟ್ಟು. ನಿಲ್ಲಿಸಿದೆ. ಇಳಿದು ನೋಡಿದರೆ ಹಿಂದಿನ ಚಕ್ರಕ್ಕೆ ಒಂದು ಮುರಕಲ್ಲಿನ ತುಂಡು. ಬೆಳಗ್ಗೆ ನಾನು ಬಂದು ಕಾರು ನಿಲ್ಲಿಸಿ ಒಳಗೆ ಹೋದ ಮೇಲೆ ಅವರೇ ಇಟ್ಟದ್ದಂತೆ. ತೆಗೆಯಲು ಬಗ್ಗಿದೆ.

"ನೀನು ಸೀಟಲ್ಲಿ ಕೂತು ಬ್ರೇಕ್ ಒತ್ತು" ಎಂದರು. "ಆಮೇಲೆ ನಾನು ತೆಗೀತೇನೆ."